ಬ್ಯಾಟರಿ ಬೇಡದ ಎಂಜಿನ್

1964ರ ಮಾರ್ಚ್. ಕಬ್ಬಿಗೆ ಔಷಧಿ ಸಿಂಪಡಿಸುವ ವಿಮಾನವೊಂದು ದೂಳುಗಾಳಿಗೆ ದಾರಿ ತಪ್ಪಿ, ಆಲಮೇಲದ ಹತ್ತಿರ ಜೋಳ ಕೊಯ್ದ ಹೊಲದಲ್ಲಿ ಇಳಿಯಿತು. ತಂತಿ ಕಳಿಸಲು ಸಿಂದಗಿಗೆ ಹೊರಟ ಪೈಲಟ್, ಜೈನುದ್ದೀನನಿಗೆ ಒಂದೇ ಮಾತು ಹೇಳಿಹೋದ: ವಿಮಾನದ ಮೂತಿಯ ಫ್ಯಾನಿಗೆ ಯಾರ ಕೈಯೂ ತಾಗಬಾರದು.

ಜೈನುದ್ದೀನ ಎರಡನೇ ಮಹಾಯುದ್ಧದ ಕಾಲಕ್ಕೆ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು. ಈಗ ರಾವಸಾಬರ ಲಾರಿ ಗ್ಯಾರೇಜಿನಲ್ಲಿ ಮಿಸ್ತ್ರಿ. ಅವನ ಆ ಹಳೆಯ ನೌಕರಿಯನ್ನು ಊರಲ್ಲಿ ಯಾರೂ ನಂಬಿರಲಿಲ್ಲ.

ಹೊಲ ರಾವಸಾಬರದೇ. ಹೊಸ ಲಾರಿ ಬಂದರೆ ಪೂಜೆ ಮಾಡಿಸಿ, ಎಂಜಿನ್ ತಿರುಗಿಸುವ ಮೊದಲ ಹ್ಯಾಂಡಲ್ ತಾವೇ ಹೊಡೆಯುವುದು ಅವರ ಪದ್ಧತಿ. ವಿಮಾನಕ್ಕೂ ಹಾರ ಹಾಕಿಸಿದರು, ಕಾಯಿ ಒಡೆಸಿದರು, ಅಂಗಿಯ ತೋಳು ಮಡಚಿ, ಶಾಸ್ತ್ರಕ್ಕೆ ಒಂದು ಸುತ್ತು ತಿರುಗಿಸಲು ಫ್ಯಾನಿನತ್ತ ನಡೆದರು. ಜೈನುದ್ದೀನ ಅಡ್ಡ ನಿಂತ.

“ಸರಿಯೋ, ಆಕಾಶದ ಮಿಸ್ತ್ರಿ! ಸ್ವಿಚ್ ಬಂದ್ ಐತಿ. ಬ್ಯಾಟರಿ ವೈರ್ ನಾನ ಬಿಚ್ಚೇನಿ. ಇನ್ನೇನ್ ಕಡೀತೈತಿ?”

“ಇದು ಲಾರಿ ಅಲ್ಲರಿ, ಧಣೀರ. ಕಿಡಿಗೆ ಬ್ಯಾಟರಿ ಬೇಕಿಲ್ಲ. ಎರಡು ಮ್ಯಾಗ್ನೆಟೋ ಅದಾವು. ಫ್ಯಾನ್ ತಿರುಗಿದ್ರ ಸಾಕು, ಅವ ಕಿಡಿ ಹುಟ್ಟಸ್ತಾವು. ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್.”

“ಎರಡ್ಯಾಕೋ? ಒಂದು ಸಾಲೂದಿಲ್ಲೇನು?”

“ಲಾರಿ ಕೆಟ್ರ ರಸ್ತಾದ ದಂಡಿಗೆ ಹಚ್ಚತೀರಿ. ಮ್ಯಾಲೆ ದಂಡಿ ಎಲ್ಲೈತ್ರಿ?”

ಜನ ನಕ್ಕರು. ರಾವಸಾಬರ ಮುಖ ಕೆಂಪಾಯಿತು.

“ಪೈಲಟ್ ಸ್ವಿಚ್ ಬಂದ್ ಮಾಡಿದ ಮ್ಯಾಲೂ ಎಂಜಿನ್ ಓಡಿತು, ನಾ ಕೇಳೇನಿ,” ಜೈನುದ್ದೀನ ಬಿಡಲಿಲ್ಲ. “ಪೆಟ್ರೋಲ್ ನಿಲ್ಲಿಸಿದಾಗಷ್ಟ ಸುಮ್ಮನಾತು. ಕಿಡಿ ತಡಿಯೋ ಸ್ವಿಚ್ಚಿನ ವೈರ್ ಎಲ್ಲೋ ಹರಿದೈತಿ. ಒಳಗ ಉಳಿದ ಪೆಟ್ರೋಲ್ ಸಾಕು, ಕೈ ಹಚ್ಚಿದ್ರ ಕೈ ಹೋಗತೈತಿ.”

“ಸರೀತಿಯೋ, ಇಲ್ಲ ನಾಳಿಂದ ಗ್ಯಾರೇಜ್ ಬಿಡ್ತಿಯೋ?”

“ಬಿಡ್ತೇನಿ. ಸರಿಯೂದಿಲ್ಲ.”

ರಾವಸಾಬರು ಅವನ ಭುಜ ಹಿಡಿದು ನೂಕಿದರು. ಜೈನುದ್ದೀನ ಮತ್ತೆ ಬಂದು ಅದೇ ಜಾಗದಲ್ಲಿ ನಿಂತ. “ಖರೇ ಸುಳ್ಳು ಈಗ ನೋಡೂಣ್ರಿ,” ಎಂದ. ಗಾಲಿಗಳಿಗೆ ಕಲ್ಲು ಕೊಡಿಸಿದ, ಬಾಲವನ್ನು ಎರಡು ಬಂಡಿಗಳಿಗೆ ಬಿಗಿಸಿದ, ಜನರನ್ನು ದೂರ ಅಟ್ಟಿದ. ಉದ್ದನೆಯ ಬಿದಿರು ಗಳ ಹಿಡಿದು, ಒಂದು ಪಕ್ಕಕ್ಕೆ ನಿಂತು, ಫ್ಯಾನಿನ ತುದಿಯನ್ನು ಜೋರಾಗಿ ಕೆಳಗೆ ಒತ್ತಿದ.

ಏನೂ ಆಗಲಿಲ್ಲ. ಯಾರೋ ಸೀಟಿ ಹೊಡೆದರು. ಜೈನುದ್ದೀನ ಇನ್ನೊಮ್ಮೆ ಒತ್ತಿದ.

ಎಂಜಿನ್ ಧಡ್ ಎಂದಿತು. ಫ್ಯಾನ್ ಒಂದು ಸುತ್ತು ರಪ್ಪನೆ ತಿರುಗಿ ನಿಂತಿತು. ಗಳ ಎರಡು ತುಂಡಾಗಿತ್ತು. ಹಾರ ಬಂಡಿಯ ಆಚೆ ಬಿದ್ದಿತ್ತು.

ರಾವಸಾಬರು ತಮ್ಮ ಬಲಗೈಯನ್ನೇ ಬಹಳ ಹೊತ್ತು ನೋಡಿಕೊಂಡರು. ಮಡಚಿದ ತೋಳು ಇಳಿಸಿದರು.

“ನಾಳಿ ಜಲ್ದಿ ಬಾ,” ಎಂದರು.

“ಬಿಡು ಅಂದದ್ದು ಇಷ್ಟು ಮಂದಿ ಮುಂದ,” ಎಂದ ಜೈನುದ್ದೀನ, ಮುರಿದ ಗಳವನ್ನು ಅವರ ಕಾಲ ಬಳಿ ಇಟ್ಟು. “ಬಾ ಅನ್ನೂದಿದ್ರ ನಮ್ಮ ಮನಿಗೆ ಬಂದು ಅನ್ರಿ.”

ಫ್ಯಾನಿನ ಮುಂದೆ, ಅದೇ ಜಾಗದಲ್ಲಿ, ಮತ್ತೆ ಹೋಗಿ ನಿಂತ. ಪೈಲಟ್ ಇನ್ನೂ ಬಂದಿರಲಿಲ್ಲ.