ಹವಳಗಳ ಹಗಲೂಟ

ನಮ್ಮ ಯಜಮಾನರು ಬಸ್ ಡ್ರೈವರ್. ತಾಳ್ಮೆಯೆಲ್ಲ ರಸ್ತೆಯಲ್ಲೇ ಖರ್ಚಾಗಿ ಮನೆಗೆ ತರುವುದು ಬರೀ ಉತ್ಸಾಹ. ಆ ಉತ್ಸಾಹದಲ್ಲೇ ಒಂದು ಉಪ್ಪುನೀರಿನ ಗಾಜಿನ ತೊಟ್ಟಿ ತಂದು ನನ್ನ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟರು, ಅದರೊಳಗೆ ಸೂರ್ಯ ಹವಳ ಕೂರಿಸಿದರು. ಹಗಲಲ್ಲಿ ನೋಡಿದರೆ ಇಟ್ಟಿಗೆ ಬಣ್ಣದ ಗಂಟುಗಳ ಗುಡ್ಡೆ. ಸಂಜೆ ತೊಟ್ಟಿಯ ದೀಪ ಆರಿಸಿದ ಮೇಲೆ ಒಂದೊಂದು ಗಂಟಿನಿಂದಲೂ ಹಳದಿ ಎಳೆಗಳು ಹೊರಬಂದು ಸೇವಂತಿಗೆಯ ಹಾಗೆ ಅರಳುತ್ತಿದ್ದವು. ಹೂವಲ್ಲ, ಪ್ರಾಣಿ. ಒಂದೊಂದಕ್ಕೂ ಒಂದು ಬಾಯಿ, ಒಂದೊಂದು ಬಾಯಿಗೂ ಬೇರೆ ಬೇರೆಯಾಗಿ ತುತ್ತು ಹಾಕಬೇಕು. ಹಾಕುವವರು ಯಾರು? ಮನೆಯಲ್ಲಿ ಕೂತು ಹೊಲಿಯುವವಳು, ಇನ್ಯಾರು.

ಮೊದಮೊದಲು ಬೈದುಕೊಂಡೇ ಹಾಕಿದೆ. ಆಮೇಲೆ ಕೈ ಕುದುರಿತು. ಹೆಪ್ಪುಗಟ್ಟಿದ ಸೀಗಡಿ ಮರಿಗಳನ್ನು ತೊಟ್ಟಿಯದೇ ನೀರಿನಲ್ಲಿ ಕರಗಿಸಿ, ಮೊದಲು ಆ ರಸವನ್ನು ಹವಳದ ಮೇಲೆ ಬಿಡಬೇಕು. ವಾಸನೆ ಹತ್ತಿದರೆ ಬಾಯಿ ಬಿಡುತ್ತವೆ. ಬಿಟ್ಟ ಮೇಲೆ ಡ್ರಾಪರಿನಿಂದ ಒಂದೊಂದೇ ತುತ್ತು. ತೊಟ್ಟಿಯಲ್ಲಿ ಕೆಂಪು ಬಿಳಿ ಪಟ್ಟೆಯ ದೊಡ್ಡ ಸೀಗಡಿಯೊಂದಿತ್ತು. ಊಟ ಎಲ್ಲಿದೆಯೋ ಅಲ್ಲಿ ಹಾಜರಾಗುತ್ತಿದ್ದರಿಂದ ಅದಕ್ಕೆ ಪುಢಾರಿ ಅಂತ ಹೆಸರಿಟ್ಟಿದ್ದೆವು. ಹವಳದ ಬಾಯಿಗೆ ಹಾಕಿದ್ದನ್ನೂ ಕಿತ್ತುಕೊಂಡು ತಿನ್ನುವ ಜಾತಿ. ಅದಕ್ಕೇ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಹವಳದ ಮೇಲೆ ಕವುಚಿ, ಬಾಟಲಿಯ ಕತ್ತಿನಿಂದಲೇ ಉಣಿಸುತ್ತಿದ್ದೆ. ಪುಢಾರಿ ಹೊರಗೆ ಮೀಸೆ ಕುಣಿಸುತ್ತ ಕಾಯುತ್ತಿತ್ತು.

ಇಷ್ಟೂ ಹೊತ್ತು ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರು ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಬಡಿಸಿದವರು. ಕೊನೆಯ ಮಗುವಿನ ತಟ್ಟೆ ತುಂಬುವ ತನಕ ತಾವು ಕೂತವರಲ್ಲವಂತೆ. ಈಗ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು. ಹವಳ ಕಾಣುತ್ತಿರಲಿಲ್ಲ, ಆದರೂ ದಿನಾ ಕೇಳುತ್ತಿದ್ದರು.

"ಎಲ್ಲರಿಗೂ ಆಯ್ತೇನೇ?"

"ಆಯ್ತು ಅತ್ತೆ."

ಹವಳವೊಂದೇ ಅಲ್ಲ, ನಾನೂ ಅವರಿಗೆ ಕಂಡಿರಲಿಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೇ ಅವರ ಕಣ್ಣು ಮಂಜಾಗಿತ್ತು. ಮನೆಗೆ ಬಂದವರ ಮುಂದೆಲ್ಲ "ನನ್ನ ಸೊಸೆ ಗೊಂಬೆ ಥರ ಇದ್ದಾಳೆ" ಅಂತ ಕೊಚ್ಚಿಕೊಳ್ಳುತ್ತಿದ್ದರು. ಬಂದವರು ನನ್ನ ಎಡಗೆನ್ನೆ ನೋಡಿ ನೆಲ ನೋಡುತ್ತಿದ್ದರು. ಹಿಂದೆ ಟೈಲರ್ ಅಂಗಡಿಯಲ್ಲಿ ಇಸ್ತ್ರಿಯ ಹಬೆ ಬಡಿದು ಆ ಕೆನ್ನೆ ಸುಟ್ಟು ಸುಕ್ಕುಗಟ್ಟಿದೆ. ಯಾರು ಏನಂದರೂ ತಿರುಗಿ ನಾಲ್ಕು ಮಾತು ಅನ್ನುವವಳು ನಾನು. ಆದರೆ ಡಾಕ್ಟರು ಅತ್ತೆಯ ಆಪರೇಷನ್ನಿಗೆ ದಿನ ಗೊತ್ತು ಮಾಡಿದಾಗ ದೇವರ ಮುಂದೆ ಹೋಗಿ ನಿಂತೆ. ಅವರಿಗೆ ಕಣ್ಣು ಬರಲಿ ಅಂತ ಮನಸಾರೆ ಬೇಡಿಕೊಂಡೆ. ಬಂದ ಕೂಡಲೇ ನನ್ನ ಮುಖ ಕಾಣದಿರಲಿ ಅಂತಲೂ ಬೇಡಿಕೊಂಡೆ.

ಆಗ ಹೊಳೆದದ್ದು ಹವಳ. ಬಾಗಿಲು ದಾಟುತ್ತಲೇ ಅಷ್ಟು ಚೆಂದದ್ದು ಎದುರಿಗಿದ್ದರೆ ನನ್ನನ್ನು ಯಾರು ನೋಡುತ್ತಾರೆ? ಆದರೆ ಅತ್ತೆ ಬರುವುದು ಹಗಲಿನಲ್ಲಿ. ಹಾಗಾಗಿ ಊಟದ ಹೊತ್ತನ್ನು ದಿನದಿನವೂ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದೆ, ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಗ್ಗೆಗೆ. ಮುನಿಸಿಕೊಂಡವು, ಮುದುಡಿಕೊಂಡವು, ಕೊನೆಗೆ ಹಾದಿಗೆ ಬಂದವು. ಬೆಳಗಿನ ತಿಂಡಿ ಮುಗಿಸಿ ನಾನು ಮಿಷನ್ನಿಗೆ ಕೂರುವಷ್ಟರಲ್ಲಿ ಬಾಯಿ ಬಿಟ್ಟುಕೊಂಡು ಕಾಯತೊಡಗಿದವು. ನನ್ನ ಖುಷಿ ಕೇಳಬೇಡಿ.

ಪಟ್ಟಿ ಬಿಚ್ಚುವ ದಿನ ಆಸ್ಪತ್ರೆಗೆ ಯಜಮಾನರನ್ನು ಕಳಿಸಿ, ಹವಳದ ನೆಪ ಹೇಳಿ ನಾನು ಮನೆಯಲ್ಲೇ ಉಳಿದೆ. ತೊಟ್ಟಿ ನೋಡಿದರೆ ಗಾಜು ಫಳಫಳ, ಮರಳು ಬೆಳ್ಳಗೆ, ಹವಳ ಮಾತ್ರ ಮುಷ್ಟಿ ಬಿಗಿದುಕೊಂಡಿದೆ. ಫೋನ್ ಮಾಡಿದೆ.

"ರೀ, ತೊಟ್ಟಿಗೆ ಏನ್ ಮಾಡಿದ್ರಿ?"

"ಅಮ್ಮ ನೋಡ್ತಾಳಲ್ಲಾಂತ ಬೆಳಗ್ಗೆ ಎದ್ದು ಅರ್ಧ ನೀರು ಬದಲಾಯಿಸಿದೆ. ಚೆನ್ನಾಗಿದೆಯಲ್ವಾ?"

"ನಿಮ್ಮ ತಲೆ ಚೆನ್ನಾಗಿದೆ. ಹೊಸ ನೀರಿಗೆ ಎಲ್ಲ ಮುದುಡ್ಕೊಂಡಿವೆ."

ರಸ ಬಿಟ್ಟೆ. ಬಾಟಲಿ ಕವುಚಿದೆ. ಮತ್ತೆ ಬಿಟ್ಟೆ. ಏನೂ ಇಲ್ಲ. ಅಷ್ಟರಲ್ಲಿ ಅತ್ತೆ ಕಪ್ಪು ಕನ್ನಡಕ ತೆಗೆಯುತ್ತ ಒಳಗೆ ಬಂದರು. ನಾನು ಬೆನ್ನು ತಿರುಗಿಸಿ ತೊಟ್ಟಿಗೆ ಅಂಟಿಕೊಂಡು ನಿಂತೆ.

ಅವರು ಮೊದಲು ನೋಡಿದ್ದು ಫ್ಯಾನಿನ ಧೂಳು. ಆಮೇಲೆ ಮಗನ ತಲೆ. "ಇಷ್ಟು ನರೆತಿದೀಯಲ್ಲೋ, ನನಗೆ ಹೇಳ್ಲೇ ಇಲ್ಲ" ಅಂದರು. ಆಮೇಲೆ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ, ನನ್ನ ಎಡಗಡೆಗೇ ಎಳೆದುಕೊಂಡು ಕೂತರು. "ಹಸಿದಿದ್ರೆ ತಾವೇ ಬರ್ತವೆ. ನೀನು ಸುಮ್ನಿರು."

ಸುಮ್ಮನಿದ್ದೆವು. ಒಂದು ಗಂಟಿನ ತುದಿಯಲ್ಲಿ ಹಳದಿ ಇಣುಕಿತು. ಪಕ್ಕದ್ದು ಇಣುಕಿತು. ನೋಡುನೋಡುತ್ತಲೇ ಗುಡ್ಡೆಗೆ ಗುಡ್ಡೆಯೇ ಅರಳಿತು. ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ನಾನು ಒಂದೊಂದಕ್ಕೂ ತುತ್ತು ಹಾಕುತ್ತ ಬಂದೆ.

"ಎಲ್ಲರಿಗೂ ಆಯ್ತೇನೇ?"

"ಆಯ್ತು ಅತ್ತೆ."

"ಎಲ್ಲಿ ಆಯ್ತು? ಆ ಪಾಪುಗೆ?"

"ಯಾವ ಪಾಪು?"

ಕಲ್ಲಿನ ಹಿಂದೆ, ಗಾಜಿನ ಮೂಲೆಯಲ್ಲಿ ಅವರು ಬೆರಳಿಟ್ಟು ತೋರಿಸಿದರು. ನಾನು ಬಗ್ಗಿ ಅವರ ಮುಖದ ಪಕ್ಕ ಮುಖ ತಂದು ನೋಡಿದೆ. ಸಾಸಿವೆಯಷ್ಟು ಕಿತ್ತಳೆ ಚುಕ್ಕೆ, ಅದರ ಸುತ್ತ ಕೂದಲಿನಷ್ಟು ಸಣ್ಣ ಹಳದಿ ಎಳೆಗಳು. ಮರಿ. ನಮ್ಮ ತೊಟ್ಟಿಯಲ್ಲೇ ಹುಟ್ಟಿದ್ದು. ದಿನಾ ನೋಡುವ ನನಗೂ ಯಜಮಾನರಿಗೂ ಕಂಡಿರಲಿಲ್ಲ. ಸಂತೋಷದಲ್ಲಿ ನನಗೆ ಮೈಮೇಲಿನ ಎಚ್ಚರವೇ ತಪ್ಪಿತ್ತು.

"ಸ್ವಲ್ಪ ಸರಿಯೇ, ನಿನ್ನ ಕೆನ್ನೆ ಅಡ್ಡ ಬರ್ತಿದೆ" ಅಂದರು ಅತ್ತೆ.

ಎಡಗೆನ್ನೆ. ಕೈ ತಾನಾಗಿ ಕೆನ್ನೆಗೆ ಹೋಯಿತು.

ಅತ್ತೆ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. "ಇದನ್ನೇನು ಮುಚ್ಚಿಡ್ತೀಯ? ಬಂದ ಹೊಸದರಲ್ಲಿ ನಿಂಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿದ್ದು ಯಾರು? ಮಂಜಾಗಿದ್ದದ್ದು ನನ್ನ ಕಣ್ಣು, ಕೈಯಲ್ಲ."

"ಮತ್ತೆ ಗೊಂಬೆ ಅಂತಿದ್ರಿ?"

"ಈಗಲೂ ಅಂತೀನಿ. ಅಳೋದು ಆಮೇಲೆ ಅಳುವಂತೆ, ಮೊದಲು ಪಾಪುಗೆ ಹಾಕು."

ಡ್ರಾಪರ್ ಅವರ ಕೈಗೇ ಕೊಟ್ಟೆ. ಅಷ್ಟು ಸಣ್ಣ ಬಾಯಿಗೆ ಹಿಡಿಸುವಷ್ಟೇ ಚೂರನ್ನು ಅವರು ಉಗುರಿನಿಂದ ಕಿತ್ತು, ನಡುಗದ ಕೈಯಲ್ಲಿ ಉಣಿಸಿದರು. ಮರಿ ತುತ್ತನ್ನು ಅಪ್ಪಿಕೊಂಡಿತು.

"ಈಗ ಆಯ್ತು" ಅಂದು ಅತ್ತೆ ಕುರ್ಚಿಗೆ ಒರಗಿದರು. ನನ್ನನ್ನು ನೋಡುತ್ತಲೇ ಇದ್ದರು, ನಾನೂ ಮುಖ ತಿರುಗಿಸಲಿಲ್ಲ.