ಕಹಿ ಬೀಜ

“ಸ್ವಲ್ಪ ಸರೀರಪ್ಪಾ, ದಾರಿ ಬಿಡಿ,” ಎನ್ನುತ್ತ ಭಾವ ಹಾರ ಹಿಡಿದು ಒಳಗೆ ಬಂದರು. ತಮ್ಮನ ಹೆಣದ ಮೇಲೆ ಅದನ್ನಿಟ್ಟು ನಿಟ್ಟುಸಿರು ಬಿಟ್ಟರು. “ಕುಡೀಬೇಡ್ವೋ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ನಾ? ಲಿವರ್ ಹಾಳ್ ಮಾಡ್ಕೊಂಡು ಹೋದ.”

“ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನೆ ಹೇಳ್ತಾರಾ?” ಎಂದಳು ಪಕ್ಕದ ಮನೆಯಾಕೆ.

ತಲೆದೆಸೆಯಲ್ಲಿ ಕೂತಿದ್ದ ಹೆಂಡತಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಂಡ ಕುಡುಕನೆಂದು ಊರಿಗೆಲ್ಲ ಡಂಗುರ ಹೊಡೆದವಳು ಅವಳೇ. ಅವನು ಹನಿ ಮುಟ್ಟಿದವನಲ್ಲವೆಂದು ಈಗ ಆ ಕೋಣೆಯಲ್ಲಿ ಬಲ್ಲವಳೂ ಅವಳೊಬ್ಬಳೇ. ಇವತ್ತು ಬಾಯಿ ಬಿಡದಿದ್ದರೆ ಅವನು ಕುಡುಕನಾಗಿಯೇ ಹೋಗುತ್ತಾನೆ. ಬಿಟ್ಟರೋ, ಅವಳ ಮಾನ ಮೂರು ಕಾಸಿಗೆ ಹರಾಜು.

*

ಅವನದು ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಬೀಜದ ರುಚಿ ನೋಡುವ ಕೆಲಸ. ಮೂಟೆ ಮೂಟೆಗೂ ನಾಲ್ಕು ಕಾಳು ಅಗಿದು, ಬೂಷ್ಟು ಹಿಡಿದಿದ್ದರೆ ಬೇಡ ಅನ್ನಬೇಕು. ಉಳಿದವರು ಅಗಿದದ್ದನ್ನು ಉಗಿಯುತ್ತಿದ್ದರು. ಈ ಪುಣ್ಯಾತ್ಮ ನುಂಗುತ್ತಿದ್ದ.

“ಬೆಳೆದೋನು ಎದುರಿಗೇ ನಿಂತಿರ್ತಾನೆ ಕಣೇ. ಅವನ ಮುಖದ ಮುಂದೆ ಹೇಗೆ ಉಗೀಲಿ?”

ಕಹಿ ಹೋಗಲೆಂದು ಲವಂಗ ಜಗಿಯುತ್ತ ಮನೆಗೆ ಬರುತ್ತಿದ್ದ. ಅವಳ ಅಪ್ಪನೂ ಕುಡಿದ ದಿನವೆಲ್ಲ ಲವಂಗ ಜಗಿದೇ ಬರುತ್ತಿದ್ದವನು.

“ಯಾವ ವಾಸನೆ ಮುಚ್ಚೋಕೆ ಇದು?”

“ನಿನ್ನಾಣೆ, ಮುಟ್ಟಿಲ್ಲ.”

“ನಮ್ಮಪ್ಪನೂ ಹೀಗೇ ಆಣೆ ಹಾಕ್ತಿದ್ದ.”

ಅಂದೇ ಹೋಗಿ ಭಾವನ ಮುಂದೆ ಅತ್ತಳು. ಭಾವ ಬುದ್ಧಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ತಮ್ಮನ ಜೊತೆ ಮಾತು ಬಿಟ್ಟರು.

*

ಯಾವ ಔಷಧಿ ಹಿಡಿದೀತೆಂದು ನೋಡಲು ಆಸ್ಪತ್ರೆಯವರು ಅವನ ಲಿವರ್‌ನಲ್ಲಿದ್ದ ಕ್ಯಾನ್ಸರ್ ಗೆಡ್ಡೆಯ ಚೂರೊಂದನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಬರುವಷ್ಟರಲ್ಲಿ ಅವನಿಗೆ ಎಚ್ಚರ ತಪ್ಪಿತ್ತು.

“ಕುಡಿತಾರೆ ಅಂತ ನೀವು ಹೇಳಿದ್ರಿ,” ಎಂದರು ಡಾಕ್ಟರಮ್ಮ. “ಲಿವರ್‌ನಲ್ಲಿ ಅದರ ಲಕ್ಷಣವೇ ಇಲ್ಲ. ಗೆಡ್ಡೆಯ ಜೀನ್ ಒಂದರಲ್ಲಿ ಆಗಿರೋ ಬದಲಾವಣೆ ಬೇರೇನೇ ಹೇಳ್ತಿದೆ. ಬೂಷ್ಟು ಹಿಡಿದ ಕಾಳಿನ ವಿಷ ವರ್ಷಗಟ್ಟಲೆ ಹೊಟ್ಟೆಗೆ ಹೋದೋರಲ್ಲಿ ಕಾಣೋ ಗುರುತು ಅದು. ಏನು ಕೆಲಸ ಮಾಡ್ತಿದ್ರು ಇವರು?”

ಅವಳು ಓಡಿಹೋಗಿ ಅವನ ಕಿವಿಯಲ್ಲಿ “ತಪ್ಪಾಯ್ತು ರೀ” ಎಂದಳು. ಎರಡನೇ ಸಲ ಇನ್ನೂ ಜೋರಾಗಿ ಹೇಳಿದಳು. ಅವನು ಕಣ್ಣು ತೆರೆಯಲಿಲ್ಲ.

*

“ಭಾವ, ಅವರು ಕುಡೀತಿರ್ಲಿಲ್ಲ.”

“ಸತ್ತ ಎಮ್ಮೆಗೆ ಹತ್ತು ಸೇರು ಹಾಲು,” ಎಂದು ಪಕ್ಕದ ಮನೆಯಾಕೆ ಗೊಣಗಿದಳು.

“ಇರ್ಲಿ ಬಿಡಮ್ಮ,” ಎಂದರು ಭಾವ. “ಈಗ್ಯಾಕೆ ಆ ಮಾತು?”

“ಈಗಲ್ದೆ ಇನ್ಯಾವಾಗ? ಸುಳ್ಳು ಹೇಳಿದ್ದು ನಾನು! ಆ ಹಾಳು ಬೀಜ ನುಂಗಿ ನುಂಗಿ ಹೋದ್ರು. ಪರೀಕ್ಷೆ ಮಾಡಿ ಡಾಕ್ಟರೇ ಹೇಳಿದ್ರು. ನನ್ನ ಮಾತು ಕಟ್ಕೊಂಡು ನೀವೂ ದೂರ ಮಾಡಿದ್ರಿ.”

ಭಾವ ತಮ್ಮನ ಕಾಲ ಬಳಿ ಕುಸಿದರು. “ದಾರೀಲಿ ಸಿಕ್ರೆ ಅಣ್ಣಾ ಅಂತ ಕೂಗೋನು. ತಿರುಗಿ ಕೂಡ ನೋಡ್ತಿರ್ಲಿಲ್ವಲ್ಲಮ್ಮ ನಾನು,” ಎಂದು ಮಕ್ಕಳ ಹಾಗೆ ಅತ್ತರು.

ಬಾಗಿಲಿಗೆ ಗಾಡಿ ಬಂತು. ನಾಲ್ವರು ಬಗ್ಗಿ ಹೆಣಕ್ಕೆ ಕೈ ಹಾಕಿದರು.

“ಮೆಲ್ಲಗೆ!” ಅವಳು ಚೀರಿದಳು. “ಬಲಪಕ್ಕೆ ಒತ್ತಬೇಡಿ, ಅಲ್ಲಿ ತುಂಬಾ ನೋವು ಅವರಿಗೆ.”

ಆ ಕಡೆ ಹಿಡಿದಿದ್ದವನು ಗಕ್ಕನೆ ಕೈ ತೆಗೆದ. ಭಾವ ಎದ್ದು ಬಂದು, ಆ ಪಕ್ಕೆಯ ಅಡಿಗೆ ತಮ್ಮ ಎರಡೂ ಅಂಗೈಗಳನ್ನು ಹಾಸಿ, ನಿದ್ದೆಯಲ್ಲಿರುವವನನ್ನು ಎತ್ತುವಂತೆ ಎತ್ತಿದರು.