ಒಣಗದ ಅಕ್ಷರ

"ಇದೇ ತಿರುವು ಅಲ್ವೇನೇ?" ಎಂದು ಗಂಡ ಕೇಳುವಷ್ಟರಲ್ಲಿ ತಿರುವು ಹಿಂದೆ ಉಳಿದಿತ್ತು.

"ದಾಟಿಬಿಟ್ರಿ. ಅಷ್ಟು ದೊಡ್ಡ ಬೋರ್ಡ್ ಇತ್ತಲ್ರೀ."

"ಅದೂ ಒಂದು ಬೋರ್ಡಾ? ಮಿಷಿನ್ನಲ್ಲಿ ಅಚ್ಚು ಹಾಕಿದ್ದನ್ನೆಲ್ಲ ನಾನು ಓದಲ್ಲ." ಅವನು ನಕ್ಕು ಕಾರನ್ನು ಹಿಂದಕ್ಕೆ ತೆಗೆದ. ಹಿಂದಿದ್ದ ಲಾರಿಯವನು ಹಾರನ್ನಿನ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಅವನು ಬೋರ್ಡು ಬರೆಯುವವನು. ಮದುವೆಗೆ ಮೊದಲು ಬ್ರಷ್ಷಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ದಕ್ಷಿಣದ ಕಡಲತೀರದ ಮೂರು ಹಳೇ ಬಂದರು ಊರುಗಳಲ್ಲಿ ಅಂಗಡಿಗಳಿಗೆ, ದೋಣಿಗಳಿಗೆ ಹೆಸರು ಬರೆಯುತ್ತ ಅಲೆದಿದ್ದ. ಆ ಊರುಗಳ ಕೋಟೆ, ಸುಂಕದ ಕಟ್ಟೆ, ದೀಪಸ್ತಂಭ ಯಾವುದೂ ಅವನಿಗೆ ದೊಡ್ಡದಲ್ಲ. ಯಾವ ಗೋಡೆಯ ಮೇಲೆ ಯಾವ ಅಕ್ಷರವನ್ನು ಎಷ್ಟು ಗಿಡ್ಡಗೆ ಬರೆದಿದ್ದೆ ಎನ್ನುವುದಷ್ಟೇ ಕತೆ. "ಒಂದ್ಸಲ ಕರ್ಕೊಂಡು ಹೋಗಿ ತೋರಿಸ್ತೀನಿ" ಎನ್ನುತ್ತಲೇ ಇಪ್ಪತ್ತೆರಡು ವರ್ಷ ಕಳೆದಿತ್ತು. ಈ ಬೇಸಿಗೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ಹಟಕ್ಕೆ ಬಿದ್ದ. ಬಟ್ಟೆ ಹೊಲಿಯುವ ಅವಳು ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ಮುಂದೆ ಹಾಕಿ, ತಮ್ಮನ ಕಾರು ಕೇಳಿ ತಂದಳು. ಕೀಲಿ ಕೊಡುವಾಗ ತಮ್ಮ, "ಭಾವ, ಅಕ್ಕನ್ನ ಅಲ್ಲೇ ಮರೆತು ಬಂದ್ರೂ ಪರವಾಗಿಲ್ಲ, ಕಾರಿಗೆ ಗೀರು ಬೀಳ್ಬಾರ್ದು ನೋಡಿ" ಎಂದಿದ್ದ. ಎಲ್ಲರೂ ನಕ್ಕಿದ್ದರು.

ಮೊದಲನೆಯ ಊರಿನಲ್ಲಿ ಕೋಟೆಯ ಬುಡದ ಬೀದಿಗೆ ಬಂದಾಗ ಅವನು ಕಾರು ನಿಲ್ಲಿಸಿ ಗಾಜಿನಾಚೆಗೆ ಕೈ ಚಾಚಿದ. "ನೋಡು, ದಿನಸಿ ಅಂಗಡಿ. ಹಳದಿ ಮೇಲೆ ಕೆಂಪು. ಅಕ್ಷರಕ್ಕೆ ನೆರಳು ಕೊಟ್ಟಿದ್ದು ಇಡೀ ಬೀದಿಯಲ್ಲಿ ನಾನೊಬ್ಬನೇ."

ಅವಳು ನೋಡಿದಳು. ಅಲ್ಲಿದ್ದುದು ಮೊಬೈಲ್ ಅಂಗಡಿ. ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಲ್ಲು ಬಿಡುತ್ತಿದ್ದ ಹುಡುಗಿಯೊಬ್ಬಳ ಚಿತ್ರ.

"ಹೂಂ, ಚೆನ್ನಾಗಿದೆ" ಎಂದಳು. ಹಾಗೆ ಯಾಕಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ನೆನಪಿಗೆ ಬರತೊಡಗಿತು. ಸಂಜೆ ಹೊತ್ತು ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ಚುಚ್ಚಿಡುತ್ತಿದ್ದವನು ಈಚೆಗೆ "ನಿನಗೇನು ಕೈಯಿಲ್ವಾ" ಎಂದು ರೇಗಿಸಿ ಎದ್ದುಹೋಗುತ್ತಿದ್ದ. ಬ್ರಷ್ಷು ತರುತ್ತೇನೆಂದು ಹೋದ ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದಿದ್ದ. ಡಾಕ್ಟರು ಮದ್ದು ಬಿಟ್ಟ ಹಾಗೆ ಕಣ್ಣಿನ ಕಪ್ಪು ಕಾಸಿನಗಲ ಅರಳಿತ್ತು. ಧೂಳು ಬಿತ್ತು ಎಂದಿದ್ದ. ಮಾತಾಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸುವುದು ಬೇರೆ. "ಏನ್ರೀ ಅದು, ಕೋಳಿ ಥರ ಓರೆಯಾಗಿ ನೋಡ್ತೀರ" ಎಂದು ಅವಳೇ ಛೇಡಿಸಿದ್ದಳು. ಅವನೂ ಕೊಕ್ಕೊಕ್ಕೋ ಎಂದು ಕೂಗಿ ನಗಿಸಿದ್ದ.

ಎರಡನೆಯ ಊರಿಗೆ ಹೋಗುವ ಸೇತುವೆಯ ಮೇಲೆ ಕಾರು ಸೈಕಲ್ಲಿನ ಹೆಂಗಸೊಬ್ಬಳನ್ನು ಸವರಿಕೊಂಡು ಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸ್ಟೇರಿಂಗಿಗೆ ಕೈ ಹಾಕಿ ಎಳೆಯದಿದ್ದರೆ ಏನಾಗುತ್ತಿತ್ತೋ.

"ಅವಳೇ ಅಡ್ಡ ಬಂದಿದ್ದು" ಎಂದ ಅವನು.

ಹೆಂಗಸು ಅಡ್ಡ ಬಂದಿರಲಿಲ್ಲ. ಕಟಾಂಜನದ ಪಕ್ಕಕ್ಕೇ, ಗೆರೆ ಎಳೆದ ಹಾಗೆ ಹೋಗುತ್ತಿದ್ದಳು. ಹಿಂತಿರುಗಿ ನೋಡಿದಾಗ ಒಂದು ಕಾಲು ನೆಲಕ್ಕೂರಿ ನಿಂತು ಮೊಣಕೈ ಮುಟ್ಟಿಕೊಳ್ಳುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬದುಕಿದ್ದೇನಾ ಎಂದು ಲೆಕ್ಕ ಹಾಕುತ್ತಿರುವಂತಿತ್ತು.

ವಸತಿಗೃಹದ ಕೋಣೆಯಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತಿತ್ತು. ಅವಳು ಒದ್ದೆ ಟವಲನ್ನು ಕಿಟಕಿಗೆ ಹರವುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ನಾಳೆ ನಾನು ಓಡಿಸ್ಲಾ?"

"ನೀನಾ? ನೀನು ಕೂತ್ರೆ ಗೋಡೆಗಳೇ ಎದ್ದು ದಾರಿ ಬಿಡ್ಬೇಕಾಗುತ್ತೆ."

ಎಂಟು ವರ್ಷದ ಹಿಂದೆ, ಓಡಿಸಲು ಕಲಿತ ಹೊಸದರಲ್ಲಿ, ತಮ್ಮನ ಮನೆಯ ಕಾಂಪೌಂಡಿಗೆ ಗುದ್ದಿದ್ದು ಇನ್ನೂ ಮನೆಮಂದಿಗೆಲ್ಲ ತಮಾಷೆ. ಆಮೇಲೆ ಅವಳು ಕಾರು ಓಡಿಸಿರಲಿಲ್ಲ.

"ನಾಳೆ ರಸ್ತೆ ಬೆಟ್ಟದ ಅಂಚಿನಲ್ಲಿ ಕಣೇ. ಈ ಕಡೆ ಬಂಡೆ, ಆ ಕಡೆ ಕೆಳಗೆ ಸಮುದ್ರ. ಎಷ್ಟು ಸಲ ನಡೆದಿದ್ದೀನಿ ಗೊತ್ತಾ, ನನಗದು ಅಂಗೈ ಇದ್ದ ಹಾಗೆ."

"ನಡೆಯೋದು ಬೇರೆ ರೀ. ನಿಮ್ಮ ಕಣ್ಣಿಗೆ ಏನಾದ್ರೂ..."

"ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ." ಅವನು ಕೀಲಿಯನ್ನು ಅಂಗಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಗುಂಡಿಯ ತೂತನ್ನು ಹೆಬ್ಬೆರಳು ಎರಡು ಸಲ ತಡಕಿತು.

ಬೆಳಗ್ಗೆ ಹೊರಡುವ ಮುಂಚೆ ಹಗ್ಗದ ಅಂಗಡಿ ತೋರಿಸುತ್ತೇನೆಂದ. ಬಂದರಿಗೆ ಇಳಿಯುವ ಓಣಿಯ ಕಲ್ಲುಗಳು ಶತಮಾನಗಳ ಹೆಜ್ಜೆಗೆ ಸವೆದು ನುಣ್ಣಗಾಗಿದ್ದವು. ಅವನು ಒಂದು ಕೈಯಲ್ಲಿ ಗೋಡೆ ಸವರುತ್ತ ಚುರುಕಾಗಿಯೇ ಇಳಿದ. ಕೆಳಗೆ ಮಗುಚಿ ಹಾಕಿದ ದೋಣಿಗಳಿಗೆ ಟಾರು ಬಳಿಯುತ್ತಿದ್ದರು. ಅದರ ವಾಸನೆ ಮೂಗನ್ನಷ್ಟೇ ಅಲ್ಲ, ಬಾಯನ್ನೂ ತುಂಬುತ್ತಿತ್ತು.

ಅಂಗಡಿಯ ಗೋಡೆಗೆ ಸುಣ್ಣ ಬಳಿದು, ಮೇಲೆ ಹೊಸದಾಗಿ ನೀಲಿ ಅಕ್ಷರ ಬರೆಯುತ್ತಿದ್ದರು. 'ಹಗ್ಗ' ಎನ್ನುವಷ್ಟು ಮುಗಿದಿತ್ತು. ಮುಂದಿನದಕ್ಕೆ ಪೆನ್ಸಿಲಿನ ಗೆರೆ ಮಾತ್ರ. ಬರೆಯುವವನು, ನರೆತ ಮೀಸೆಯ ಆಸಾಮಿ, ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅವನ ಪಕ್ಕದಲ್ಲಿ ಬಣ್ಣದ ಡಬ್ಬಿ ಬಾಯಿ ತೆರೆದುಕೊಂಡಿತ್ತು.

"ಇದೇ ನೋಡು" ಎಂದ ಗಂಡ. ದನಿ ಎಳೆಯದಾಗಿತ್ತು. "ಗ ಕೆಳಗಿನ ಒತ್ತು ಇದೆಯಲ್ಲ, ಅದರ ಬಾಲ ಹಗ್ಗ ಸುತ್ತಿಟ್ಟ ಹಾಗಿರ್ಬೇಕು ಅಂದಿದ್ದ ಅಂಗಡಿಯವ. ಒಂದೇ ಎಳೆತಕ್ಕೆ ಬರೆದೆ. ಇನ್ನೂ ಹಾಗೇ ಇದೆ ನೋಡು."

ಅವನ ಕೈ ಗೋಡೆಯತ್ತ ಏಳುತ್ತಿತ್ತು. 'ತಡೀರಿ, ಹಸಿ ಬಣ್ಣ.' ಅಷ್ಟೇ ಮಾತು ಸಾಕಿತ್ತು. ಅವಳ ನಾಲಗೆಯ ತುದಿಗೆ ಬಂದೂ ಇತ್ತು. ಬೆಟ್ಟದ ಅಂಚಿನ ರಸ್ತೆ ಕಣ್ಣ ಮುಂದೆ ಸುಳಿಯಿತು, ಮೊಣಕೈ ಮುಟ್ಟಿಕೊಳ್ಳುತ್ತ ನಿಂತ ಹೆಂಗಸು ಸುಳಿದಳು. ಅವಳು ತುಟಿ ಬಿಗಿಹಿಡಿದಳು.

ಅಂಗೈ ಗೋಡೆಗೆ ತಾಗಿ ನಿಧಾನವಾಗಿ ಕೆಳಗಿಳಿಯಿತು.

"ಏ ಸ್ವಾಮಿ, ಏನ್ ಮಾಡ್ತಾ ಇದೀರಾ." ಟೀ ಲೋಟ ಕುಕ್ಕಿ ಮೀಸೆಯವನು ಎದ್ದ. "ಬೆಳಕು ಹರಿದಾಗಿಂದ ಬೆನ್ನು ಮುರ್ಕೊಂಡು ಬರ್ದಿದ್ದೀನಿ. ಕಣ್ಣು ಕಾಣ್ಸಲ್ವಾ ನಿಮ್ಗೆ?"

ಗಂಡ ಕೈಯನ್ನು ಮೂಗಿನ ಹತ್ತಿರ ತಂದುಕೊಂಡ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದ.

"ಇಲ್ಲಪ್ಪ" ಎಂದ. "ಕಾಣ್ಸಲ್ಲ. ನಾಲ್ಕು ತಿಂಗಳಾಯ್ತು. ಸುತ್ತ ಅಂಚಷ್ಟೇ ಇದೆ, ನಡುವೆ ಏನೂ ಇಲ್ಲ. ಅದೂ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು."

ಮೀಸೆಯವನು ಗೋಡೆ ನೋಡಿದ, ಅವನ ಕೈ ನೋಡಿದ. ಕೊನೆಗೆ, "ನೀವೂ ಬರೆಯೋರಾ?" ಎಂದು ಕೇಳಿದ.

"ಹೇಗೆ ಗೊತ್ತಾಯ್ತು?"

"ಬಾಲದ ಗುಂಟವೇ ಎಳ್ದಿದ್ದೀರಲ್ಲ. ಬೇರೆಯವ್ರಾಗಿದ್ರೆ ಅಡ್ಡಾದಿಡ್ಡಿ ಒರೆಸ್ತಿದ್ರು." ಗೋಡೆಯ ಕಡೆ ತಿರುಗಿದ. "ಹಳೇದು ನಿಮ್ದೇ ಇರ್ಬೇಕು. ಮೂರು ಸಲ ಸುಣ್ಣ ಹೊಡೆದ್ರೂ ಮುಚ್ಚಲಿಲ್ಲ, ನಾಲ್ಕನೇ ಸಲಕ್ಕೆ ಹೋಯ್ತು."

"ಆಗ ಒಳ್ಳೇ ಬಣ್ಣ ಸಿಗ್ತಿತ್ತು" ಎಂದ ಗಂಡ.

ಮೀಸೆಯವನು ಚಿಂದಿಬಟ್ಟೆಗೆ ಸೀಮೆಎಣ್ಣೆ ಹಾಕಿ ಕೊಡಲು ಬಂದ. ಗಂಡ ಬೇಡವೆಂದು ತಲೆಯಾಡಿಸಿದ.

ಏರುವಾಗ ಅವನು ಗೋಡೆ ಸವರಲಿಲ್ಲ, ಅವಳ ತೋಳು ಹಿಡಿದ. ಕಾರಿನ ಹತ್ತಿರ ಬಂದ ಮೇಲೆ ಶುದ್ಧವಿದ್ದ ಎಡಗೈಯಿಂದ ಜೇಬಿನ ಗುಂಡಿ ಬಿಚ್ಚಿ ಕೀಲಿ ತೆಗೆದ. ಅವಳ ಕೈಗೆ ಕೊಡದೆ ಬಾನೆಟ್ಟಿನ ಮೇಲಿಟ್ಟು, ಸುತ್ತು ಹಾಕಿ ಪಕ್ಕದ ಸೀಟಿನಲ್ಲಿ ಕೂತ.

ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿಯನ್ನು ತನಗೆ ತಿರುಗಿಸಿಕೊಂಡಳು. ಎಂಜಿನ್ ಎರಡು ಸಲ ಸತ್ತಿತು. ಅವನು ತಮಾಷೆ ಮಾಡಲಿಲ್ಲ.

"ಹಸಿ ಇದೆ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ" ಎಂದ, ಊರು ಮುಗಿದ ಮೇಲೆ.

"ಹೇಳ್ಬಹುದಿತ್ತು" ಎಂದಳು.

ಬೆಟ್ಟದ ಅಂಚಿನ ರಸ್ತೆ ಶುರುವಾಯಿತು. ಅವಳು ಎರಡನೇ ಗೇರಿನಲ್ಲೇ ಹೋದಳು. ಹಿಂದೆ ಬಂದವರೆಲ್ಲ ಹಾರನ್ನು ಹೊಡೆದು ದಾಟಿಕೊಂಡು ಹೋದರು. ಸಮುದ್ರ ಅವನ ಕಡೆಗಿತ್ತು. ಅವನು ಗಾಜಿಳಿಸಿ, ತಮ್ಮನ ಕಾರಿನ ಸೀಟಿಗೆ ತಾಗದ ಹಾಗೆ, ನೀಲಿ ಅಂಗೈಯನ್ನು ಹೊರಗೆ ಗಾಳಿಗೆ ಹಿಡಿದಿದ್ದ. ಬೆರಳುಗಳು ಅಗಲವಾಗಿ ಬಿಡಿಸಿಕೊಂಡಿದ್ದವು.